ಹೊಟ್ಟೆ ತೊಳಸಿದರೆ ಎಣ್ಣೆ ಬಾಟ್ಲಿಯೋ, ಲಿಂಬಿಹಣ್ಣೋ?

(ಓದುಗರ ಪತ್ರಗಳಿಗೆ ವಿಜಯಪುರದ ಕುಟುಂಬ ವೈದ್ಯೆಯೊಬ್ಬರ ಉತ್ತರ)

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಬಸ್ಸು ಹತ್ತಿದ ಅರ್ಧ ತಾಸಿಗೆ ಮುಖ ಬಿಳಿಚಿಕೊಳ್ಳುತ್ತದೆ, ತಣ್ಣನೆ ಬೆವರು, ಆಮೇಲೆ ವಾಂತಿ. ಬರುವ ತಿಂಗಳು ಗೋವಾದ ಫೋಂಡಾದಲ್ಲಿ ಅಣ್ಣನ ಹೊಸ ಮನೆಯ ವಾಸ್ತುಶಾಂತಿ ಇದೆ. ಬೆಳಗಾವಿಗೆ ಹೋಗಿ, ಅಲ್ಲಿಂದ ಚೋರ್ಲಾ ಘಾಟ್ ಇಳಿಯಬೇಕು. ಪರಿಚಯದವರೊಬ್ಬರು ಎಸೆನ್ಶಿಯಲ್ ಆಯಿಲ್ ಬಾಟ್ಲಿಗಳ ಪೆಟ್ಟಿಗೆ ಕೊಟ್ಟು, ‘ಪೆಪ್ಪರ್‌ಮಿಂಟ್ ಎರಡು ಹನಿ ನಾಲಿಗಿ ಕೆಳಗ ಹಾಕ್ರಿ, ಲಿಂಬಿ ಎಣ್ಣಿ ಮುಂಗೈಗೆ ಹಚ್ಚರಿ, ಶುಂಠಿ ಎಣ್ಣಿ ಹೊಟ್ಟಿಗೆ ತಿಕ್ಕರಿ’ ಅಂದಿದ್ದಾರೆ. ಒಮ್ಮೆ ಒಂದೇ ಹನಿ ನೀರಿಗೆ ಹಾಕಿ ಕುಡಿಸಿದೆ. ಗಂಟಲು ಉರಿ ಅಂತ ಮಗು ಅತ್ತಿತು. ಮುಂದುವರಿಸಬಹುದೇ?
– ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ತಂಗೀ, ಮೊದಲು ಆ ಪೆಟ್ಟಿಗೆಯನ್ನು ಮಗಳ ಕೈಗೆ ಎಟುಕದಷ್ಟು ಎತ್ತರಕ್ಕೆ ಇಟ್ಟು ಬನ್ನಿ, ಆಮೇಲೆ ಮುಂದೆ ಓದಿ. ಒಂದು ಹನಿ ಕುಡಿಸಿದ್ದಕ್ಕೆ ಗಾಬರಿ ಬೇಡ, ಉರಿದು ಮುಗಿದಿದೆ. ಆದರೆ ಇನ್ನು ಮೇಲೆ ಬಾಯಿಗೆ ಒಂದು ಹನಿಯೂ ಬೇಡ.

ಇದು ಒಗ್ಗರಣೆ ಎಣ್ಣೆಯ ಜಾತಿಯದಲ್ಲ. ರಾಶಿ ಎಲೆಗೆ ಹಬೆ ಹಾಯಿಸಿ, ಆ ಹಬೆ ತಣಿದ ಮೇಲೆ ತೇಲುವ ವಾಸನೆಯ ಭಾಗವನ್ನಷ್ಟೇ ತೆಗೆದು ಬಾಟ್ಲಿಗೆ ತುಂಬಿರುತ್ತಾರೆ. ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಬರೀ ಮೆಂಥಾಲ್, ಅಂದರೆ ಬಾಯಿಗೆ ತಣ್ಣಗೆ ಚುರುಗುಟ್ಟುವ ಅಂಶ. ಉತ್ತರಪ್ರದೇಶದ ಕಡೆ ಬೆಳೆಯುವ ಜಪಾನಿ ಪುದೀನಾದ ಎಣ್ಣೆಯಲ್ಲಿ ಅದು ಮುಕ್ಕಾಲು ಪಾಲಿನ ಹತ್ತಿರ ಹೋಗುತ್ತದೆ. ಬಾಟ್ಲಿಯ ಮೇಲೆ ಎಲೆಯ ಚಿತ್ರ ನೋಡಿ ‘ಚಟ್ನಿ ಪುದೀನಾ ತಾನೇ’ ಅಂದುಕೊಳ್ಳಬಾರದು.

ನಾನು ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಮೂರು ವರ್ಷದ ಹುಡುಗನೊಬ್ಬನನ್ನು ಅಜ್ಜಿ ಸೆರಗಿನಲ್ಲಿ ಸುತ್ತಿಕೊಂಡು ನನ್ನ ದವಾಖಾನೆಗೆ ಓಡಿ ಬಂದಿದ್ದರು. ಕೈಕಾಲು ಸೆಟೆದಿದ್ದವು, ಬಾಯಲ್ಲಿ ನೊರೆ, ಉಸಿರಿನಲ್ಲಿ ಘಮ್ಮೆಂದು ಕರ್ಪೂರದ ವಾಸನೆ. ಮನೆಯ ಅಮೃತಧಾರೆ ಬಾಟ್ಲಿಯನ್ನು ಹುಡುಗ ಬಾಯಿಗೆ ಸುರಿದುಕೊಂಡಿದ್ದ. ನಮ್ಮ ಭಾಗದಲ್ಲಿ ಅದು ಇರದ ಮನೆ ಕಡಿಮೆ. ಕರ್ಪೂರ, ಪುದೀನಾ ಹೂವು (ಮೆಂಥಾಲ್ ಹರಳು), ಓಂಕಾಳಿನ ಸತ್ವ, ಮೂರನ್ನೂ ಕೂಡಿಸಿಟ್ಟರೆ ತಾವೇ ಕರಗಿ ನೀರಾಗುತ್ತವೆ. ಹುಡುಗ ಉಳಿದ. ಆದರೆ ಆ ಅಜ್ಜಿಯ ಕೈ ನಡುಗುತ್ತಿದ್ದುದು ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದೆ. ಸಣ್ಣ ಕೂಸಿಗೆ ಒಂದು ಗ್ರಾಂ ಕರ್ಪೂರವೂ ಪ್ರಾಣಕ್ಕೆ ಕುತ್ತು. ನೀಲಗಿರಿ ಎಣ್ಣೆ ಕುಡಿದರೂ ಹೀಗೆಯೇ ಫಿಟ್ಸ್ ಬರಬಹುದು. ಎರಡು ವರ್ಷದ ಒಳಗಿನ ಮಕ್ಕಳ ಮೂಗಿನ ಹತ್ತಿರ ಮೆಂಥಾಲ್, ಕರ್ಪೂರ ಹಚ್ಚುವುದೂ ಬೇಡ, ಉಸಿರಿನ ದಾರಿ ತಟ್ಟನೆ ಬಿಗಿದುಕೊಳ್ಳುವ ಅಪಾಯವಿದೆ. ಎಲ್ಲಾದರೂ ಮಗು ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಬಾಟ್ಲಿ ಸಮೇತ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ಹಾಗಾದರೆ ವಾಸನೆಯಿಂದ ಉಪಯೋಗವೇ ಇಲ್ಲವೇ? ಇದೆ, ಸ್ವಲ್ಪ ಇದೆ. ಆಪರೇಷನ್ ಆದ ಮೇಲೆ ಹೊಟ್ಟೆ ತೊಳಸುವ ರೋಗಿಗಳ ಮೇಲೆ 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿದೆ. ಕೆಲವರಿಗೆ ಪೆಪ್ಪರ್‌ಮಿಂಟ್ ಎಣ್ಣೆ ಮೂಸಿಸಿದರು, ಕೆಲವರಿಗೆ ಸ್ಪಿರಿಟ್, ಕೆಲವರಿಗೆ ವಾಸನೆಯೇ ಇಲ್ಲದ ಸಲೈನ್. ಮೂರೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಸಮ ಆರಾಮಾಯಿತು. ಎಲ್ಲರಿಗೂ ಹೇಳಿದ್ದು ಒಂದೇ: ಮೂಗಿನಿಂದ ನಿಧಾನ ಉಸಿರು ಎಳೆದು, ಬಾಯಿಂದ ನಿಧಾನ ಬಿಡಿ. ಬೇರೆ ಪರೀಕ್ಷೆಗಳಲ್ಲಿ ಸ್ಪಿರಿಟ್ ಹತ್ತಿ ಸಲೈನಿಗಿಂತ ಚೆನ್ನಾಗಿ ಕೆಲಸ ಮಾಡಿದ್ದೂ ಉಂಟು, ಹಾಗಾಗಿ ವಾಸನೆಯ ಪಾಲು ಸೊನ್ನೆ ಅಂತ ನಾನು ಹೇಳುವುದಿಲ್ಲ. ಆದರೆ ಉಸಿರಿನ ಪಾಲು ದೊಡ್ಡದು. ಅದಕ್ಕೆ ದುಡ್ಡು ಬೇಕಿಲ್ಲ.

ನಾನು ಹುಟ್ಟಿದ್ದು ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ. ಸಣ್ಣವಳಿದ್ದಾಗ ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ ಡೀಸೆಲ್ ವಾಸನೆಗೇ ನನಗೆ ಓಕರಿಕೆ ಬರುತ್ತಿತ್ತು. ಅಪ್ಪ ಹೊರಡುವ ಮುಂಚೆ ನಮ್ಮ ತೋಟದ ಲಿಂಬಿಗಿಡದಿಂದ ಒಂದು ಕಾಯಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಾನು ಸುಮ್ಮನಾದೆನೆಂದರೆ ಅವರಿಗೆ ತಿಳಿಯುತ್ತಿತ್ತು. ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಗಿಗೆ ಹಿಡಿದು, ‘ಸಾವಕಾಶ ಮೂಸವಾ, ಅವಸರ ಮಾಡಬ್ಯಾಡ’ ಅನ್ನುತ್ತಿದ್ದರು. ಸಿಪ್ಪೆಯ ಮೇಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಇರುವುದೂ ಎಸೆನ್ಶಿಯಲ್ ಆಯಿಲ್ಲೇ. ಉಗುರು ತಾಗಿದಾಗ ಹಾರುವುದು ಮಗುವಿಗೆ ಸಾಕಾಗುವಷ್ಟು ಮಾತ್ರ. ಇಂಡಿ ಲಿಂಬೆಗೆ 2023ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು ಅಂತ ಓದಿದ ದಿನ ನನಗೆ ಅಪ್ಪನ ಆ ಜೇಬೇ ನೆನಪಾಯಿತು.

ಒಂದು ಎಚ್ಚರಿಕೆ ಮಾತ್ರ ಅಪ್ಪ ಹೇಳಿರಲಿಲ್ಲ. ಲಿಂಬೆ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದು, ಕಪ್ಪು ಕಲೆ ಉಳಿಯಬಹುದು. ಹಾಗಾಗಿ ‘ಲಿಂಬಿ ಎಣ್ಣಿ ಮುಂಗೈಗೆ ಹಚ್ಚರಿ’ ಅನ್ನುವ ಸಲಹೆ, ಅದೂ ನಮ್ಮ ಬಿಸಿಲಿನಲ್ಲಿ, ಕಿಟಕಿ ಪಕ್ಕ ಕೂರುವ ಮಗುವಿಗೆ, ಖಂಡಿತ ಬೇಡ. ಗೀರಿದ ಹಣ್ಣನ್ನು ಕರವಸ್ತ್ರದಲ್ಲಿ ಸುತ್ತಿ ಮೂಸಲು ಕೊಡಿ, ನಿಮ್ಮ ಕೈಯನ್ನೂ ತೊಳೆದುಕೊಳ್ಳಿ.

ಶುಂಠಿ ಎಣ್ಣೆಯ ವಿಷಯದಲ್ಲಿ ಮಾರುವವರು ಎರಡು ಬೇರೆ ವಸ್ತುಗಳನ್ನು ಒಂದು ಮಾಡಿಬಿಡುತ್ತಾರೆ. 1988ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಡೆನ್ಮಾರ್ಕಿನ ನೌಕಾ ತರಬೇತಿಯ ಹುಡುಗರಿಗೆ ಸಮುದ್ರದ ಮೇಲೆ 1 ಗ್ರಾಂ ಶುಂಠಿ ಪುಡಿ ಕೊಟ್ಟು ನೋಡಿದರು. ವಾಂತಿಯೂ ತಣ್ಣನೆ ಬೆವರೂ ಕಡಿಮೆಯಾದವು. ಅವರು ನುಂಗಿದ್ದು ಪುಡಿ. ಶುಂಠಿಗೆ ಖಾರ ಕೊಡುವ ಅಂಶ ಹಬೆಯಲ್ಲಿ ಮೇಲೇಳುವುದಿಲ್ಲ, ಪಾತ್ರೆಯಲ್ಲೇ ಉಳಿಯುತ್ತದೆ. ಬಾಟ್ಲಿಗೆ ಬರುವುದು ಘಮ ಮಾತ್ರ. ಅದನ್ನು ಹೊಟ್ಟೆಗೆ ತಿಕ್ಕಿದರೆ ಪುಡಿಯ ಗುಣ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಮಗಳಿಗೆ ಒಗ್ಗುವುದಾದರೆ ಹೊರಡುವ ಮುಂಚೆ ಬೆಲ್ಲದ ಜೊತೆ ಒಂದು ಚಿಟಿಕೆ ಒಣಶುಂಠಿ ಕೊಡಿ.

ಇನ್ನು ಪ್ರಯಾಣ. ಬಸ್ಸು ತಿರುಗುತ್ತಿದೆ ಅಂತ ಒಳಗಿವಿ ಹೇಳುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ‘ಇಲ್ಲ, ಕೂತಲ್ಲೇ ಇದ್ದೇನೆ’ ಅನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು, ಬೆಳೆಯುತ್ತ ಬೆಳೆಯುತ್ತ ಬಹುತೇಕ ಮಕ್ಕಳಿಗೆ ಕಡಿಮೆಯಾಗುತ್ತದೆ. ಆದ್ದರಿಂದ ಮೊಬೈಲ್, ಚಿತ್ರದ ಪುಸ್ತಕ ಎರಡೂ ಚೀಲದಲ್ಲೇ ಇರಲಿ. ಹಿಂದಿನ ಗಾಲಿಯ ಮೇಲಿನ ಸೀಟು ಬೇಡ, ಮುಂದಿನ ಸಾಲಿನಲ್ಲಿ ದೂರದ ರಸ್ತೆ ಕಾಣುವ ಹಾಗೆ ಕೂರಿಸಿ. ಖಾಲಿ ಹೊಟ್ಟೆಯಲ್ಲೂ ಹೊರಡಿಸಬೇಡಿ, ಪೂರಿ ಭಜಿ ತಿನ್ನಿಸಿಯೂ ಬೇಡ. ಒಂದೆರಡು ಇಡ್ಲಿ ಅಥವಾ ಮೊಸರನ್ನ ಸಾಕು, ದಾರಿಗೆ ಚುರುಮುರಿ ಕಟ್ಟಿಕೊಳ್ಳಿ. ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ ಮುಟ್ಟಿದ ಮೇಲೆ ಒಂದು ತಾಸು ಇಳಿದು ಅಡ್ಡಾಡಿಸಿ, ನೀರು ಕುಡಿಸಿ. ಜಾಂಬೋಟಿ, ಕಣಕುಂಬಿ ದಾಟಿ ಘಾಟ್ ಇಳಿಯುವಾಗ ಮಗು ಮುಂದಿನ ತಿರುವನ್ನು ತಾನೇ ನೋಡುತ್ತಿರಲಿ. ‘ಈಗ ಎಡಕ್ಕ, ಈಗ ಬಲಕ್ಕ’ ಅಂತ ಆಟ ಆಡಿಸಿ. ಕಣ್ಣಿಗೆ ತಿರುವು ಮೊದಲೇ ತಿಳಿದರೆ ಹೊಟ್ಟೆಗೆ ಅರ್ಧ ಆರಾಮ.

ಇಷ್ಟಾದರೂ ಆಗದಿದ್ದರೆ ಪ್ರೊಮೆಥಜೀನ್ ಜಾತಿಯ ಮಾತ್ರೆಗಳಿವೆ. ಬಾಗಲಕೋಟೆಯಲ್ಲೇ ಮಕ್ಕಳ ವೈದ್ಯರಿಗೆ ಮಗಳ ತೂಕ ತೋರಿಸಿ ಎಷ್ಟು ಅಂತ ಬರೆಸಿಕೊಳ್ಳಿ. ಎರಡು ವರ್ಷದ ಒಳಗಿನವರಿಗೆ ಅದನ್ನು ಕೊಡಲೇಬಾರದು. ಹೊರಡುವ ಮುಂಚೆಯೇ ಕೊಡಬೇಕು, ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಗು ತೂಕಡಿಸುತ್ತದೆ, ಅದಕ್ಕೆ ಹೆದರಬೇಡಿ.

ಪ್ರಶ್ನೆ: ಬಾಯಾರ, ನಮ್ಮ ಸೊಸಿಗೆ ಎರಡು ತಿಂಗಳು. ಒಗ್ಗರಣಿ ವಾಸನಿ ಬಂದರ ಸಾಕು, ಓಕರಿಸತಾಳ. ಆಕಿ ತವರಿನವರು ಲಿಂಬಿ ಎಣ್ಣಿ, ಅದನ್ನ ಹೊಗಿ ಹಂಗ ಬಿಡೋ ಮಷಿನ್ ಕಳಿಸ್ಯಾರ. ಕೂಸಿಗೆ ಏನಾರ ಆದೀತೇನು?
– ಒಬ್ಬ ಅತ್ತೆ, ಇಂಡಿ

ಉತ್ತರ: ಅಕ್ಕಾ, ನೀವು ಸೊಸೆಯ ಪರವಾಗಿ ಕೂತು ಪತ್ರ ಬರೆದದ್ದು ನೋಡಿ ಮನಸ್ಸು ತುಂಬಿ ಬಂತು. ಇರಾನಿನಲ್ಲಿ ನೂರು ಗರ್ಭಿಣಿಯರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹತ್ತಿಗೆ ಹಾಕಿದ ಲಿಂಬೆ ಎಣ್ಣೆ ಮೂಸಿದವರಿಗೆ ವಾಕರಿಕೆ ಸ್ವಲ್ಪ ಇಳಿಯಿತು. ಆಗೊಮ್ಮೆ ಈಗೊಮ್ಮೆ ಮೂಸಿದರೆ ಅಡ್ಡಿಯಿಲ್ಲ. ಕುಡಿಯುವುದು, ಮೈಗೆ ಹಚ್ಚುವುದು ಬೇಡ. ಮಷಿನ್ ಹಚ್ಚಿ ಇಡೀ ಮನೆ ಘಮಗುಡಿಸುವುದೂ ನನಗೆ ಸರಿ ಕಾಣುವುದಿಲ್ಲ. ಬಸುರಿಯ ಮೂಗು ಬೆಳಿಗ್ಗೆ ಮೆಚ್ಚಿದ ವಾಸನೆಯನ್ನು ಸಂಜೆಗೆ ತಾಳುವುದಿಲ್ಲ, ಆಗ ಪಾಪ ಆಕೆ ಎಲ್ಲಿಗೆ ಎದ್ದು ಹೋಗಬೇಕು? ಇಂಡಿಯಲ್ಲಿ ಲಿಂಬಿಹಣ್ಣಿಗೆ ಬರವೇ? ಒಂದನ್ನು ಆಕೆಯ ಕೈಯಲ್ಲಿಡಿ, ಬೇಕಾದಾಗ ಮೂಸಲಿ, ಬೇಡವಾದಾಗ ದೂರ ಇಡಲಿ.

ಒಗ್ಗರಣೆ ಹಾಕುವಾಗ ಆಕೆಯನ್ನು ಅಂಗಳಕ್ಕೆ ಕಳಿಸಿ, ಕೆಲವು ವಾರ ಒಲೆಯ ಮುಂದಿನ ಕೆಲಸ ನೀವೇ ನೋಡಿಕೊಳ್ಳಿ. ಎದ್ದ ಕೂಡಲೇ ತಿನ್ನಲು ಹಾಸಿಗೆಯ ಹತ್ತಿರ ಕಟಕ ರೊಟ್ಟಿಯ ಚೂರು ಇರಲಿ. ವಾಂತಿ ಹೆಚ್ಚಿದರೆ ಡಾಕ್ಸಿಲಮೀನ್ ಮತ್ತು ಬಿ6 ಕೂಡಿದ ಮಾತ್ರೆ ಇದೆ, ಬಸುರಿನಲ್ಲಿ ಬಹಳ ಕಾಲದಿಂದ ಬಳಸಿದ್ದು. ನಿಮ್ಮ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಕುಡಿದ ನೀರೂ ನಿಲ್ಲದಿದ್ದರೆ, ಎಂಟು ತಾಸು ಮೂತ್ರ ಆಗದಿದ್ದರೆ, ತೂಕ ಇಳಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸಲೈನ್ ಬೇಕಾಗುತ್ತದೆ.

ಪ್ರಶ್ನೆ: ಬೆಳಗಾವಿಯಿಂದ ಗೋವಾಕ್ಕೆ ಬಾಡಿಗೆ ಗಾಡಿ ಓಡಿಸುತ್ತೇನೆ. ವಾಂತಿ ವಾಸನೆ ಹೋಗಲೆಂದು ಕಾರಿನಲ್ಲಿ ಮಲ್ಲಿಗೆ, ಲ್ಯಾವೆಂಡರ್ ಎರಡು ಸೆಂಟಿನ ಬಾಟ್ಲಿ ತೂಗುಹಾಕಿದ್ದೇನೆ. ಆದರೂ ಘಾಟಿನಲ್ಲಿ ಜನ ವಾಂತಿ ಮಾಡುತ್ತಾರೆ. ಯಾವ ವಾಸನೆ ಒಳ್ಳೆಯದು?
– ಒಬ್ಬ ಚಾಲಕ, ಖಾನಾಪುರ

ಉತ್ತರ: ತಮ್ಮಾ, ಎರಡನ್ನೂ ಇಂದೇ ತೆಗೆದುಬಿಡು. ಮುಚ್ಚಿದ ಗಾಡಿಯಲ್ಲಿ ತಾಸುಗಟ್ಟಲೆ ಬಿಡದೆ ಬರುವ ಗಾಢ ವಾಸನೆಯೇ ಎಷ್ಟೋ ಜನಕ್ಕೆ ಓಕರಿಕೆ ತರಿಸುತ್ತದೆ. ಸೀಟಿನ ಬಟ್ಟೆ ತೊಳೆಸು, ಮ್ಯಾಟು ಬಿಸಿಲಿಗೆ ಹಾಕು, ಘಾಟ್ ಬಂದಾಗ ಎಸಿ ನಿಲ್ಲಿಸಿ ಕಿಟಕಿ ಇಳಿಸು. ತಿರುವಿನೊಳಗೆ ಬ್ರೇಕ್ ಒತ್ತುವುದಕ್ಕಿಂತ ತಿರುವಿನ ಮುಂಚೆಯೇ ವೇಗ ಇಳಿಸಿಕೊಂಡರೆ ಹಿಂದೆ ಕೂತವರ ತಲೆ ಓಲಾಡುವುದಿಲ್ಲ. ಯಾರಿಗೆ ತೊಂದರೆ ಅಂತ ಹೊರಡುವಾಗಲೇ ಕೇಳಿ, ಅವರನ್ನು ನಿನ್ನ ಪಕ್ಕದ ಸೀಟಿಗೆ ಕರೆ. ಮಗುವಾದರೆ ಹಿಂದೆಯೇ ನಡುವಿನ ಸೀಟಿನಲ್ಲಿ, ಬೆಲ್ಟ್ ಹಾಕಿ, ಮುಂದಿನ ಗಾಜಿನಿಂದ ರಸ್ತೆ ಕಾಣುವ ಹಾಗೆ ಕೂರಲಿ.