ನೋವಿನ ಸ್ಕೋರ್ ಬರೆದ ಮೇಲೆ ಏನು?

ಸಿಸ್ಟರ್, ಸರ್ಜಿಕಲ್ ವಾರ್ಡಿನಲ್ಲಿ ನೋವಿನ ಸ್ಕೋರ್ ಬರೆದರೂ ರೋಗಿಗಳು ನರಳುವುದು ಯಾಕೆ ನಿಂತಿಲ್ಲ ಎಂದು ಕೇಳಿದ್ದೀರಿ. 0ರಿಂದ 10ರಲ್ಲಿ ನೋವು ಎಷ್ಟು ಎಂದು ಸುಮ್ಮನೆ ಮಲಗಿದ್ದಾಗ ಕೇಳಿದರೆ 2 ಅಂತಾರೆ. ಕೆಮ್ಮಿಸಿ, ಮಗ್ಗುಲು ಬದಲಿಸಿ ಕೇಳಿ, ಅದೇ ರೋಗಿ 7 ಅನ್ನಬಹುದು. ನೋವಿಗೆ ಹೆದರಿ ಕೆಮ್ಮದವರಿಗೆ ಕಫ ಕಟ್ಟುತ್ತದೆ, ಹಾಗಾಗಿ ಈ ಎರಡನೇ ಅಂಕಿಯೇ ಮುಖ್ಯ. 4 ದಾಟಿದರೆ ಏನು ಕೊಡಬೇಕೆಂದು ಡಾಕ್ಟರಿಂದ ಮೊದಲೇ ಬರೆಸಿಡಿ. ಐವಿ (ರಕ್ತನಾಳಕ್ಕೆ ನೇರವಾಗಿ ಕೊಡುವ ಔಷಧ) ಕೊಟ್ಟು ಅರ್ಧ ಗಂಟೆಯೊಳಗೆ, ಮಾತ್ರೆಯಾದರೆ 1 ಗಂಟೆಗೆ ಮತ್ತೆ ಕೇಳಲೇಬೇಕು. ಹೆಚ್ಚಾಗಿ ತಪ್ಪುವುದು ಇದೇ! ಚಾರ್ಟಿನಲ್ಲಿ ಅದಕ್ಕೆ ಕಾಲಂ ಇಲ್ಲದಿದ್ದರೆ ಪೆನ್ನಿನಲ್ಲೇ ಗೆರೆ ಹಾಕಿಕೊಳ್ಳಿ. ಪ್ಯಾರಾಸಿಟಮಾಲ್ ‘ಬೇಕಾದಾಗ’ ಎಂದಿದ್ದರೆ 6 ಗಂಟೆಗೊಮ್ಮೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಬಲವಾದ ನೋವುನಿವಾರಕ ಮಾರ್ಫಿನ್‌ಗೆ ಮುಂಚೆಯೂ ಆಮೇಲೂ ಉಸಿರಿನ ವೇಗ, ಮಂಪರು ನೋಡಿ. ಮಾತಿನ ನಡುವೆಯೇ ತೂಕಡಿಸಿದರೆ ಮುಂದಿನ ಡೋಸ್ ತಡೆದು ತಕ್ಷಣ ಡಾಕ್ಟರನ್ನು ಕರೆಯಿರಿ.