ಹೊಸ ಟ್ರ್ಯಾಕ್ಟರ್ ಕೊಳ್ಳುವಾಗ ಬ್ರ್ಯಾಂಡ್ ಮುಖ್ಯವೋ, ಡೀಲರ್ ಮುಖ್ಯವೋ?

ಮೊದಲು ಡೀಲರ್ ನೋಡಿ, ಆಮೇಲೆ ಬ್ರ್ಯಾಂಡ್. ಮಹೀಂದ್ರಾ, ಸ್ವರಾಜ್, ಜಾನ್ ಡಿಯರ್, ಮ್ಯಾಸಿ ಫರ್ಗ್ಯುಸನ್ ಎಲ್ಲದರಲ್ಲೂ 40-50 ಎಚ್‌ಪಿಯ ಒಳ್ಳೆಯ ಗಾಡಿಗಳಿವೆ. ವ್ಯತ್ಯಾಸ ಗೊತ್ತಾಗುವುದು ಗಾಡಿ ಕೆಟ್ಟು ನಿಂತಾಗ. ಮುಂಗಾರು ಮಳೆ ಬಿದ್ದ ಮೇಲೆ ಬಿತ್ತನೆಗೆ ಹದ ಇರುವುದು ಕೆಲವೇ ದಿನ. ಆಗ ಒಂದು ಬಿಡಿಭಾಗಕ್ಕೆ ವಾರ ಕಾದರೆ ಹದ ಆರಿಹೋಗುತ್ತದೆ, ಅಲ್ವಾ? ಹಾಗಾಗಿ ಶೋರೂಮ್‌ಗಿಂತ ವರ್ಕ್‌ಶಾಪ್ ಚೆನ್ನಾಗಿ ನೋಡಿ. ಕ್ಲಚ್ ಪ್ಲೇಟ್, ಫಿಲ್ಟರ್ ಸ್ಟಾಕ್ ಇದೆಯಾ, ಮೆಕ್ಯಾನಿಕ್ ಹೊಲಕ್ಕೇ ಬರುತ್ತಾರಾ ಕೇಳಿ. ಆ ಡೀಲರ್ ಹತ್ತಿರವೇ ಗಾಡಿ ತಗೊಂಡ ಅಕ್ಕಪಕ್ಕದ ಊರಿನ ರೈತರನ್ನು ವಿಚಾರಿಸಿ. ಅವರ ಮಾತಿಗೆ ಜಾಸ್ತಿ ಬೆಲೆ ಕೊಡಿ. ರೋಟಾವೇಟರ್ ಹೊಡೆಸುವವರು ಪಿಟಿಒ ಎಚ್‌ಪಿಯನ್ನೂ ಕೇಳಬೇಕು. ಅದು ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟ್‌ಗೆ ಸಿಗುವ ಶಕ್ತಿ. ಎಂಜಿನ್ ಎಚ್‌ಪಿಗಿಂತ ಕಮ್ಮಿಯೇ ಇರುತ್ತದೆ.