ಐದು ಮಕ್ಕಳಿದ್ದರೆ ನನ್ನನ್ನು ಆರನೆಯವನು ಅಂದುಕೊಳ್ಳಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ, ಬಡವರಿಗಾಗಿ ಜಮೀನು ದಾನ ಕೇಳುವ ಭೂದಾನ ಚಳವಳಿ ನಡೆಸಿದ ವಿನೋಬಾ ಭಾವೆಯವರ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಸಂತರಿಂದ ದೇಶದ ರಾಜಕೀಯ ಸುಧಾರಿಸುತ್ತದೆ ಅನ್ನುವುದು ಹಳೇ ಭ್ರಮೆ. ದೇವರು ಮನೆಯಲ್ಲಿರಲಿ, ರಾಜಕೀಯ ಸಂವಿಧಾನದ ಪ್ರಕಾರ ನಡೆಯಲಿ. ಎರಡನ್ನೂ ಕಲಸಿದ್ದರ ಫಲ ದಿನಾ ಟಿವಿಯಲ್ಲಿ ಕಾಣುತ್ತಿಲ್ಲವೇ? ತಾ.ಕ.: ನಮ್ಮ ತಂದೆಯವರೂ ಭೂದಾನಕ್ಕೆ ಎರಡು ಎಕರೆ ಕೊಟ್ಟಿದ್ದರು. ಅದು ಯಾರ ಪಾಲಾಯಿತೋ ಗೊತ್ತಿಲ್ಲ."
– ನಿವೃತ್ತ ಶಿಕ್ಷಕರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಕ್ಷರ ಎಷ್ಟು ದುಂಡಗಿದೆ! ಬೈಗುಳವನ್ನೂ ಎರಡು ಸಲ ಓದಿದೆ.

ನಿಮ್ಮ ಮಾತಿನಲ್ಲಿ ನ್ಯಾಯವಿದೆ, ಒಪ್ಪಿದೆ. 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಇದನ್ನೇ ಹೇಳಿದ್ದರು. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಅಂತ. ಆದರೆ ಅದೇ ಅಂಬೇಡ್ಕರ್ 1954ರಲ್ಲಿ ಆಕಾಶವಾಣಿಯಲ್ಲಿ ಏನಂದರು? ಸ್ವಾತಂತ್ರ್ಯ, ಸಮಾನತೆ, ಸೋದರತೆ ಈ ಮೂರನ್ನೂ ನಾನು ಫ್ರೆಂಚ್ ಕ್ರಾಂತಿಯಿಂದ ತಂದಿಲ್ಲ, ನನ್ನ ಗುರು ಬುದ್ಧನಿಂದ ಕಲಿತೆ ಅಂದರು. ಎರಡು ವರ್ಷ ಕಳೆದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸೇರಿದರು. ನೀವು ಮನೆಯೊಳಗೆ ಕೂರಿಸಬೇಕು ಅನ್ನುವ ಧರ್ಮವನ್ನು ಸಂವಿಧಾನ ಬರೆದವರೇ ಬೀದಿಗೆ ತಂದರಲ್ಲ, ಅವರಿಗೇನು ಹೇಳೋಣ?

ಈಗ ವಿನೋಬಾ ವಿಷಯ. 1951ರ ಏಪ್ರಿಲ್ 18, ತೆಲಂಗಾಣದ ಪೋಚಂಪಲ್ಲಿ. ಸುತ್ತಮುತ್ತ ಕಮ್ಯುನಿಸ್ಟರ ಸಶಸ್ತ್ರ ಹೋರಾಟ. ಹಗಲು ಪೊಲೀಸರ ಭಯ, ರಾತ್ರಿ ಇವರ ಭಯ. ನಡೆದುಕೊಂಡು ಬಂದ ಈ ಸಣಕಲು ಮನುಷ್ಯ ದಲಿತರ ಕೇರಿಯವರನ್ನು ಏನು ಬೇಕು ಅಂತ ಕೇಳಿದರು. ಎಂಬತ್ತು ಎಕರೆ ಅಂದರು ಅವರು. ನಲವತ್ತು ತರಿ (ನೀರಿರುವ ಜಮೀನು), ನಲವತ್ತು ಖುಷ್ಕಿ (ಮಳೆ ನಂಬಿದ್ದು). ಬೇರೆ ಯಾರಾದರೂ ಆಗಿದ್ದರೆ ಅರ್ಜಿ ಬರೆಸಿಕೊಂಡು ಹೈದರಾಬಾದಿಗೆ ಕಳಿಸುತ್ತಿದ್ದರು. ವಿನೋಬಾ ಅಲ್ಲೇ ಕೂತಿದ್ದ ಊರಿನವರ ಕಡೆ ತಿರುಗಿ, ನಿಮ್ಮಲ್ಲಿ ಯಾರಾದರೂ ಕೊಡ್ತೀರಾ ಅಂದರು. ವೆದಿರೆ ರಾಮಚಂದ್ರ ರೆಡ್ಡಿ ಎದ್ದು ನಿಂತು ನೂರು ಎಕರೆ ಕೊಡುತ್ತೇನೆ ಅಂದರು. ಕೇಳಿದ್ದಕ್ಕಿಂತ ಇಪ್ಪತ್ತು ಜಾಸ್ತಿ!

ಅಲ್ಲಿಂದ ಹದಿಮೂರು ವರ್ಷ ನಡಿಗೆ. ಪ್ರತಿ ಊರಲ್ಲೂ ಒಂದೇ ಮಾತು: ನಿಮಗೆ ಐದು ಮಕ್ಕಳಿದ್ದರೆ ನನ್ನನ್ನು ಆರನೆಯವನು ಅಂದುಕೊಳ್ಳಿ, ನನ್ನ ಪಾಲು ಕೊಡಿ. ಆ ಪಾಲು ಬಡವನದು. ಇದು ಯಾವ ಅರ್ಥಶಾಸ್ತ್ರದ ಲೆಕ್ಕ ಹೇಳಿ? ದೇವರನ್ನು ನಂಬಿದವನ ಹತ್ತಿರ, ನಂಬಿದ್ದು ನಿಜವಾದರೆ ಪಹಣಿಯಲ್ಲಿ ತೋರಿಸು ಅನ್ನುವ ಜಗಳ ಇದು. ನನಗೆ ಈ ಜಗಳ ಇಷ್ಟ.

1957ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಪಕ್ಕದ ಇಲವಾಲದಲ್ಲಿ ಗ್ರಾಮದಾನದ ಸಮ್ಮೇಳನ ನಡೆಯಿತಲ್ಲ, ನೀವು ಮರೆತಂತಿದೆ. ಇಡೀ ಊರಿನ ಭೂಮಿ ಊರಿಗೇ ಸೇರಲಿ ಅನ್ನುವ ವಿಚಾರ ಅದು. ನೆಹರೂ ಬಂದಿದ್ದರು. ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರೂ ಬಂದಿದ್ದರು. ದೇವರನ್ನು ಒಪ್ಪದ ಕಮ್ಯುನಿಸ್ಟ್ ನಾಯಕ, ಗೀತೆಯನ್ನು ಕರತಲಾಮಲಕ ಮಾಡಿಕೊಂಡ ಸಂತ, ಇಬ್ಬರೂ ಕೂತು ಉಳುವವನ ಬಗ್ಗೆ ಮಾತಾಡಿದರು. ಈಗ ಇಂಥವರಿಬ್ಬರನ್ನು ಒಂದು ಟಿವಿ ಚರ್ಚೆಗೆ ಕೂರಿಸಿ ನೋಡಿ. ಜಾಹೀರಾತು ಬರುವಷ್ಟರಲ್ಲಿ ಒಬ್ಬರು ಎದ್ದು ಹೋಗಿರುತ್ತಾರೆ.

ಸೋತಿದ್ದೂ ನಿಜ. ಗುರಿ 5 ಕೋಟಿ ಎಕರೆ, ಬಂದಿದ್ದು ಸುಮಾರು 42 ಲಕ್ಷ. ಅದರಲ್ಲೂ ಎಷ್ಟೋ ಕಡೆ ಕಲ್ಲುಗುಡ್ಡ, ಕೆಲವು ಕಡೆ ಕೋರ್ಟಿನಲ್ಲಿದ್ದ ಜಮೀನು. ತುರ್ತು ಪರಿಸ್ಥಿತಿಯಲ್ಲಿ ವಿನೋಬಾ 'ಅನುಶಾಸನ ಪರ್ವ' (ಶಿಸ್ತಿನ ಕಾಲ) ಅಂದದ್ದನ್ನು ಸರ್ಕಾರ ಗೋಡೆಗೋಡೆಗೂ ಬರೆಸಿತು. ಅವರ ಶಿಷ್ಯರಂತಿದ್ದ, ಭೂದಾನಕ್ಕೇ ಜೀವನ ಮುಡಿಪಿಟ್ಟಿದ್ದ ಜೆಪಿ (ಜಯಪ್ರಕಾಶ ನಾರಾಯಣ) ಆಗ ಜೈಲಿನಲ್ಲಿದ್ದರು. ಅದನ್ನು ನೆನೆದರೆ ನನಗೂ ಸಂಕಟವೇ.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ನನ್ನಜ್ಜಿ ಏಕಾದಶಿಗೆ ನೀರೂ ಕುಡಿಯುತ್ತಿರಲಿಲ್ಲ. ಭಜನೆ ತಪ್ಪಿಸಿದವಳಲ್ಲ. ಗೇಣಿ ಅಕ್ಕಿಯ ಮುಡಿ ಅಂಗಳಕ್ಕೆ ಬಂದಾಗ ಮಾತ್ರ ತಾನೇ ನಿಂತು ಅಳೆಸುತ್ತಿದ್ದಳು. ಭೂದಾನದವರು ಬಂದಾಗ ಮಜ್ಜಿಗೆ ಕೊಟ್ಟು ಕಳಿಸಿದಳಂತೆ. 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು, ಗೇಣಿಗೆ ಉಳುವವನಿಗೇ ಭೂಮಿ ಅನ್ನುವ ಕಾನೂನು ತಂದರು. ಒಂದು ಸಂಜೆ ನಮ್ಮ ಒಕ್ಕಲು ಬಾಳೆಗೊನೆ ಹೊತ್ತುಕೊಂಡು ಬಂದ. ಚಾವಡಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, "ಅಮ್ಮಾ, ನಾಳೆ ಡಿಕ್ಲರೇಷನ್ ಹಾಕ್ತೆ" ಅಂದ. ಉಳುವ ಭೂಮಿ ತನಗೆ ಸೇರಬೇಕು ಅನ್ನುವ ಅರ್ಜಿ ಅದು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಳೆಗೊನೆ ಅಲ್ಲೇ ಹಣ್ಣಾಗಿ ಕೊಳೆಯಿತು. ಮಕ್ಕಳಾದ ನಮಗೂ ಮುಟ್ಟಲು ಧೈರ್ಯವಿರಲಿಲ್ಲ.

ನೋಡಿದ್ರಾ, ಕಾನೂನೇ ಗೆದ್ದಿತು ಅಂತ ನೀವು ನಗುತ್ತಿರಬಹುದು. ನಗಿ. ಆದರೆ ವರ್ಷಗಟ್ಟಲೆ ಊರೂರು ಸುತ್ತಿ 'ಭೂಮಿ ಯಾರದ್ದು' ಅಂತ ಕೇಳುತ್ತಾ ಹೋದವರಿಲ್ಲದಿದ್ದರೆ, ನಮ್ಮ ಒಕ್ಕಲು ಅವತ್ತು ಅಂಗಳಕ್ಕೆ ಬರುವ ಧೈರ್ಯ ಮಾಡುತ್ತಿದ್ದನೇ? ನನಗೆ ಅನುಮಾನ.

ನಿಮಗೆ 'ಧರ್ಮ' ಅಂದ ಕೂಡಲೇ ಕಣ್ಣಿಗೆ ಬಂದದ್ದು ಮೆರವಣಿಗೆ, ಡಿಜೆ, ಚುನಾವಣೆಗೆ ಮುಂಚೆ ಮಠದ ಬಾಗಿಲಲ್ಲಿ ಸಾಲು ನಿಂತ ಕಾರುಗಳು. ನಿಮ್ಮ ತಪ್ಪಲ್ಲ, ನಮಗೂ ಅದೇ ಕಾಣುತ್ತೆ. ಈಗ ನಾಯಕರು ಮಠಕ್ಕೆ ಹೋಗುವುದು ಜಾತಿಯ ಓಟು ಕೇಳಲು. ಬರುವಾಗ ಅನುದಾನ ಘೋಷಿಸುತ್ತಾರೆ, ಮರುದಿನ ಪೇಪರಿನಲ್ಲಿ ಪುಟಗಟ್ಟಲೆ ಶುಭಾಶಯ. ಯಾವ ಸ್ವಾಮಿಗಳಾದರೂ ಮುಂದೆ ಕೂತ ಶಾಸಕರನ್ನು, "ನಿಮಗೆಷ್ಟು ಮಕ್ಕಳು? ಬಡವನ ಪಾಲೆಲ್ಲಿ?" ಅಂತ ಕೇಳಿದ್ದು ನೀವು ಕೇಳಿದ್ದೀರಾ? ಕೇಳಿದ್ದರೆ ಬರೆಯಿರಿ, ಮುಖಪುಟದಲ್ಲೇ ಹಾಕುತ್ತೇನೆ.

ಮತ್ತೆ ಆ ತಾ.ಕ. ಇಡೀ ಪತ್ರದಲ್ಲಿ ನನಗೆ ಹಿಡಿಸಿದ್ದು ಅದೇ. ಸಂತರನ್ನು ನಂಬಿ ಎರಡು ಎಕರೆ ಕೊಟ್ಟವರ ಮಗ ನೀವು. ಸುಮ್ನೆ ಗೊತ್ತಿಲ್ಲ ಅಂದುಬಿಟ್ಟರೆ ಹೇಗೆ ಮೇಷ್ಟ್ರೇ? ಸರ್ವೆ ನಂಬರು ಮನೆಯ ಹಳೇ ಕಾಗದದಲ್ಲಿ ಸಿಗುತ್ತದೆ. ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ, ಈಗ ಯಾರ ಹೆಸರಿದೆ ನೋಡಿ. ಆಮೇಲೆ ಒಂದು ಬೆಳಿಗ್ಗೆ ಆ ಹೊಲದ ಬದುವಿನ ಮೇಲೆ ನಿಂತು, ಉಳುತ್ತಿರುವವರು ಯಾರು ಅಂತ ಕೇಳಿಕೊಂಡು ಬನ್ನಿ. ಇದೇ ದುಂಡಗಿನ ಅಕ್ಷರದಲ್ಲಿ ಬರೆದು ಕಳಿಸಿ. ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ.